ಗಂಗಾಧರಯ್ಯನವರ ತೇಲುವ ಸಿದ್ಧಾಂತ

ತುಪ್ಪ ನಿಂತು ಇಪ್ಪತ್ತೆರಡು ದಿನವಾಗಿತ್ತು. ಬಸವೇಶ್ವರನಗರದ ಮನೆಯಲ್ಲಿ ಗಂಗಾಧರಯ್ಯನವರು ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಸುಮ್ಮನೆ ಓಡಾಡುತ್ತಿದ್ದರು. ಸ್ಕ್ಯಾನಿಂಗ್‌ನಲ್ಲಿ ಅವರ ಲಿವರಿನ ಕೊಬ್ಬು ಕಂಡಿದ್ದೇ ತಡ, ಹೆಂಡತಿ ಜಗದಾಂಬಾ ತುಪ್ಪದ ಡಬ್ಬಿಯನ್ನು ಬೀರುವಿಗೆ ಸೇರಿಸಿ, ರೇಷ್ಮೆ ಸೀರೆಗಳ ಹಿಂದಿಟ್ಟು ಬೀಗ ಜಡಿದಿದ್ದರು. ಬರುವ ಭಾನುವಾರ ಮನೆಯಲ್ಲಿ ಹೋಳಿಗೆ ಬೇರೆ. ತುಪ್ಪವಿಲ್ಲದ ಹೋಳಿಗೆಯನ್ನು ನೆನೆದರೆ ಪಾಪ, ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ದಾರಿ ತೋರಿಸಿದ್ದು ಸೊಸೆ ಸೌಂದರ್ಯಾ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಆಕೆ ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಕಡಲಾಳದ ಶಾರ್ಕಿಗೆ ಬೇರೆ ಮೀನುಗಳಿಗಿರುವಂಥ ಗಾಳಿಚೀಲವಿಲ್ಲವಂತೆ. ಬದಲಿಗೆ ಭಾರಿ ಲಿವರು, ಅದರ ತುಂಬ ಎಣ್ಣೆ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಮೀನು ತಳ ಸೇರುವುದಿಲ್ಲವಂತೆ.

ಗಂಗಾಧರಯ್ಯನವರು ಗಕ್ಕನೆ ನಿಂತರು. (ಮೀನಿನ ಹೆಸರೆತ್ತಿದರೆ ಮೂಗು ಮುಚ್ಚುವ, ಲಿಂಗಪೂಜೆ ಮುಗಿಯದೆ ಕಾಫಿಯನ್ನೂ ಮುಟ್ಟದ ಮಹನೀಯರು.)

"ನೋಡೇ, ನಂದು ಕಾಯಿಲೆ ಅಲ್ಲ, ತೇಲೋ ವ್ಯವಸ್ಥೆ. ನಾನೂ ಆ ಮೀನಿನ ಜಾತಿ ಕಣೇ" ಎಂದು ಹೆಂಡತಿಗೆ ಘೋಷಿಸಿದರು. ಈಜುಕೊಳದಲ್ಲಿ ಕೈಕಾಲು ಆಡಿಸದೆ ಐದು ನಿಮಿಷ ತೇಲಿ ತೋರಿಸಿದರೆ ತುಪ್ಪ ವಾಪಸ್ ಎಂದು ಪಂಥವನ್ನೂ ಕಟ್ಟಿದರು. ಜಗದಾಂಬಾ ಯಾಕೋ ಒಂದೇ ಮಾತಿಗೆ ಒಪ್ಪಿಕೊಂಡರು.

ಭಾನುವಾರ ಬೆಳಿಗ್ಗೆ ಬಡಾವಣೆಯ ಈಜುಕೊಳದಲ್ಲಿ, ಹೆಂಡತಿ ಸೊಸೆಯರ ಸಮಕ್ಷಮದಲ್ಲಿ, ಗಂಗಾಧರಯ್ಯನವರು ಅಂಗಾತ ಮಲಗಿ ತೇಲಿಯೇ ತೇಲಿದರು. ಹೊಟ್ಟೆ ಬಾಣಲೆಯ ಪೂರಿಯ ಹಾಗೆ ಮೇಲೆದ್ದು ನಿಂತಿತ್ತು. ಐದಲ್ಲ, ಹನ್ನೊಂದು ನಿಮಿಷ. (ಮಗುಚಿ ನಿಲ್ಲುವುದು ಗೊತ್ತಿರಲಿಲ್ಲ, ಕೊನೆಗೆ ಕೋಚ್ ಹೆಬ್ಬೆರಳು ಹಿಡಿದು ದಡಕ್ಕೆ ಎಳೆದು ತಂದ.)

ಮನೆಗೆ ಬಂದವರು ತಲೆ ಕೂಡ ಒರೆಸದೆ ತಟ್ಟೆಯ ಮುಂದೆ ಕೂತರು. ಬಿಸಿ ಹೋಳಿಗೆ ಬಿತ್ತು. ಬೀರು ತೆರೆದ ಸದ್ದಾಯಿತು. ಜಗದಾಂಬಾ ಡಬ್ಬಿ ಹಿಡಿದುಕೊಂಡೇ ಸೊಸೆಯ ಕಡೆ ತಿರುಗಿದರು.

"ಅಲ್ಲಮ್ಮಾ, ಅವತ್ತು ಓದ್ತಿದ್ದೆಯಲ್ಲ, ಆ ಮೀನಿನ ಊಟದ ವಿಷಯ ಏನದು?"

ಸೌಂದರ್ಯಾ ಮಾವನ ಮುಖ ನೋಡಲಿಲ್ಲ. "ಅಷ್ಟು ಆಳದಲ್ಲಿ ಊಟ ಸಿಗೋದೇ ಅಪರೂಪ ಅತ್ತೆ. ವಾರಗಟ್ಟಲೆ ಆ ಲಿವರ್ ಎಣ್ಣೆ ಮೇಲೇ ಬದುಕಿರುತ್ತೆ."

"ಕೇಳಿಸ್ತೇನ್ರೀ? ಯಾವ ಜಾತಿ ಅಂತ ನೀವೇ ಹೇಳಿದೀರಿ. ನಾನಂತೂ ಮಾತಿಗೆ ತಪ್ಪೋಳಲ್ಲ" ಎಂದ ಜಗದಾಂಬಾ, ತುಪ್ಪದ ಡಬ್ಬಿಯನ್ನು ಗಂಡನ ಮುಂದಿಟ್ಟು, ಹೋಳಿಗೆಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು.