ಸಿಗರೇಟಿನ ದೂರುಗಳನ್ನು ನನಗೇ ಕೊಡಿ

ತನ್ನ ಹೆಸರು ದೊಡ್ಡ ಅಕ್ಷರದಲ್ಲಿ ಜನರ ಕಣ್ಣಿಗೆ ಬೀಳಬೇಕೆಂಬ ಆಸೆ ಯಾರಿಗಿಲ್ಲ? ನನಗಂತೂ ಹೈಸ್ಕೂಲಿನಿಂದಲೂ ಇತ್ತು. ಆದರೆ ಮದುವೆಯ ಕರೆಯೋಲೆ, ಕರೆಂಟ್ ಬಿಲ್ಲು ಬಿಟ್ಟರೆ ಎಲ್ಲೂ ಅಚ್ಚಾಗುವ ಯೋಗ ಬರಲಿಲ್ಲ. ಕೊನೆಗೆ ಐವತ್ತೆರಡನೆಯ ವಯಸ್ಸಿನಲ್ಲಿ ಅದು ಈಡೇರಿತು. ಬಾಂದ್ರಾದ ನಮ್ಮ ಆಫೀಸಿನ ನಾಲ್ಕೂ ಮಹಡಿಗಳಲ್ಲಿ, ಲಿಫ್ಟಿನ ಪಕ್ಕ, ಒಂದು ಬೋರ್ಡು ಬಂತು. ಇಲ್ಲಿ ಧೂಮಪಾನ ಅಪರಾಧ, ಯಾರಾದರೂ ಸೇದಿದರೆ ಆಡಳಿತ ವಿಭಾಗದ ನಾಗಭೂಷಣ ಅವರಿಗೆ ದೂರು ಕೊಡಿ ಎಂದು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರೆದಿತ್ತು. ಹಿಗ್ಗುವುದಕ್ಕೆ ಇದ್ದದ್ದು ಒಂದೇ ಅಡ್ಡಿ. ಆ ನಾಗಭೂಷಣ ದಿನಕ್ಕೆ ಆರು ಸಿಗರೇಟು ಸೇದುತ್ತಿದ್ದ.

ಇದು ಹೇಗಾಯಿತೆಂದರೆ, ನಾನು ಸೇದಿದ ಮೇಲೆಲ್ಲ ಬಾಯಿಗೆ ಏಲಕ್ಕಿ ಹಾಕಿಕೊಳ್ಳುತ್ತೇನೆ. ಹನ್ನೊಂದು ವರ್ಷದಿಂದ ನಮ್ಮ ಮ್ಯಾನೇಜರು ನನ್ನಿಂದ ಬರೀ ಏಲಕ್ಕಿಯ ಪರಿಮಳವನ್ನೇ ಅನುಭವಿಸಿದ್ದಾರೆ. ಬೋರ್ಡಿನ ಮೇಲೆ ಒಬ್ಬರ ಹೆಸರು ಇರಲೇಬೇಕೆಂದು ಕಾನೂನು ಹೇಳುತ್ತದೆಂದು ಗೊತ್ತಾದಾಗ, “ನಾಗಭೂಷಣ್‌ಜೀ, ನಿಮ್ಮಷ್ಟು ಶುದ್ಧ ಮನುಷ್ಯ ಇಲ್ಲಿ ಇನ್ಯಾರಿದ್ದಾರೆ?” ಎಂದುಬಿಟ್ಟರು. ಅಲ್ಲ ಸಾರ್ ಎನ್ನಲು ಬಾಯಿ ತೆರೆದೆ. ಏಲಕ್ಕಿ ಘಮ್ಮೆಂದಿತು. ಮುಚ್ಚಿಕೊಂಡೆ.

ಮನೆಯಲ್ಲೂ ಇದೇ ಕಥೆ. ಮಗಳು ಹುಟ್ಟಿದಾಗಲೇ ನಾನು ಸಿಗರೇಟು ಬಿಟ್ಟೆನೆಂದು ನನ್ನ ಹೆಂಡತಿ ವಿಮಲಾ ನಂಬಿದ್ದಾಳೆ. ಮಗಳಿಗೀಗ ಇಪ್ಪತ್ನಾಲ್ಕು. ಮಾಟುಂಗದ ದೇವಸ್ಥಾನಕ್ಕೆ ಹೋಗಿ ಬರುವಾಗ ವಿಮಲಾ ಬೇಕೆಂದೇ ಆಫೀಸಿಗೆ ಬಂದು, ಬೋರ್ಡಿನ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ತೆಗೆದು, ಮೈಸೂರಿನ ನಂಟರಿಗೆಲ್ಲ ಕಳಿಸಿದಳು. “ನೋಡ್ರಿ, ನೀವು ಅವತ್ತು ಬಿಟ್ಟಿದ್ದಕ್ಕೆ ದೇವರು ಇವತ್ತು ಎಂಥಾ ಮರ್ಯಾದೆ ಕೊಟ್ಟ!” ಎಂದಳು. ಆ ಫೋಟೋದಲ್ಲಿ ನಾನು ಅಪರಾಧಿಯ ಹಾಗೆ ಕಾಣುತ್ತೇನೆಂದು ಮಗಳು ಹೇಳಿದಳು. ಇಂದಿನ ಮಕ್ಕಳಿಗೆ ಕನ್ನಡ ತಡವರಿಸುತ್ತದೆಯೇ ಹೊರತು ಕಣ್ಣು ತಡವರಿಸುವುದಿಲ್ಲ.

ಪದವಿ ಬಂದ ಮೇಲೆ ಸೇದುವ ಜಾಗವೇ ಕಷ್ಟವಾಯಿತು. ಕೆಳಗಿನ ಪಾನ್ ಅಂಗಡಿಗೆ ಹೋದರೆ ಸಹೋದ್ಯೋಗಿಗಳು ನನ್ನನ್ನು ಕಂಡು, ಹಿಡಿಯಲು ಬಂದೆನೆಂದು ಚದುರುತ್ತಿದ್ದರು. ಹಾಗಾಗಿ ಮೂರನೆಯ ಮಹಡಿಯ ಹಿಂದಿನ ಮೆಟ್ಟಿಲು ಆರಿಸಿಕೊಂಡೆ. ಲಿಫ್ಟ್ ಇರುವಾಗ ಅಲ್ಲಿ ಯಾರೂ ಓಡಾಡುವುದಿಲ್ಲ. ಒಂದು ಕಿಟಕಿ, ಒಂದು ಹೂಕುಂಡ, ನಾನು.

ಮೂರು ವಾರದ ಮೇಲೆ ನನ್ನ ಮೊದಲ ದೂರು ಬಂತು. ತಂದವಳು ಕಸ ಗುಡಿಸುವ ನೀಲವ್ವ. ಬಾಗಲಕೋಟೆ ಕಡೆಯವಳು, ಮಾತು ಕಡಿಮೆ. ಪೊರಕೆ ಹೊರಗಿಟ್ಟು ನನ್ನ ಮೇಜಿನ ಮುಂದೆ ನಿಂತಳು.

“ಸಾಹೇಬ್ರ, ಮೂರನೇ ಮಾಳಿಗಿ ಮೆಟ್ಟಲದಾಗ ಯಾರೋ ಸಿಗರೇಟ್ ಸೇದಾಕತ್ತಾರ್ರಿ. ಹೂವಿನ ಕುಂಡ್ಯಾಗ ತುಂಡು ಒಗೀತಾರ.”

ನಾನು ಗಂಭೀರವಾಗಿ ಪೆನ್ನು ತೆಗೆದೆ. “ಯಾರಿರಬಹುದು? ಕೊರಿಯರ್ ಹುಡುಗರು ಬರ್ತಾ ಇರ್ತಾರೆ. ವಿಚಾರಿಸ್ತೀನಿ, ಬಿಡಮ್ಮ.”

ಅವಳು ಸೆರಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಒಂದೇ ಬ್ರಾಂಡಿನ ಹತ್ತು ಹನ್ನೆರಡು ಸಿಗರೇಟು ತುಂಡುಗಳು. ನಡುವೆ ಅಷ್ಟೇ ಸಂಖ್ಯೆಯ ಏಲಕ್ಕಿ ಸಿಪ್ಪೆ.

“ಕೊರಿಯರ್‌ನವರು ಯಾಲಕ್ಕಿ ತಿಂತಾರೇನ್ರಿ?”

ನನ್ನ ಬಾಯಲ್ಲಿ ಆ ಕ್ಷಣ ಇದ್ದ ಏಲಕ್ಕಿಯನ್ನು ಇಡಿಯಾಗಿ ನುಂಗಿದೆ. ಗಂಟಲಿನಲ್ಲಿ ಸಿಕ್ಕಿಕೊಂಡು ಕೆಮ್ಮು ಬಂತು. ನೀಲವ್ವ ನೀರು ಕೊಟ್ಟಳು. ಆರೋಪಿಗೆ ಇಷ್ಟು ಉಪಚಾರ ಮಾಡುವ ದೂರುದಾರರು ಬೇರೆಲ್ಲೂ ಸಿಗಲಾರರು.

“ನಿನಗೆ ಯಾವಾಗಿಂದ ಗೊತ್ತು?” ಎಂದೆ, ಕೆಮ್ಮು ನಿಂತ ಮೇಲೆ.

“ಮೊದಲನೇ ದಿನದಿಂದ್ರಿ.”

“ಹಾಗಾದ್ರೆ ಮ್ಯಾನೇಜರ್‌ಗೆ ಹೇಳಬಹುದಿತ್ತಲ್ಲ?”

“ದೂರು ನಿಮಗ ಕೊಡಬೇಕಂತ ಬೋರ್ಡಿನ್ಯಾಗ ಬರದೈತೆಂತ ವಾಚ್‌ಮನ್ ಓದಿ ಹೇಳಿದಾರ್ರಿ.” ಪೊಟ್ಟಣವನ್ನು ನನ್ನ ಕಡೆ ಸರಿಸಿ, “ನಿಮ್ಮ ಹೆಸರು ಕೆಡಸಾಕ ಬಂದಿಲ್ರಿ. ನೀವು ಐದು ನಿಮಿಷ ನಿಂತು ಹೋಗ್ತೀರಿ. ನಾ ಆ ಮೆಟ್ಟಲಾ ದಿನಾ ಎರಡು ಸಲ ಒರಸಬೇಕು. ನನಗ ದಮ್ಮಿನ ರೋಗ ಐತಿ. ಆ ಹೊಗಿ ಕುಡದ್ರ ರಾತ್ರಿ ಮಲಗಾಕ ಆಗಂಗಿಲ್ರಿ,” ಎಂದಳು.

ಜೋಕು ಮಾಡಲು ನಾನು ಸಾಮಾನ್ಯವಾಗಿ ಹಿಂದೆಗೆಯುವವನಲ್ಲ. ಅವತ್ತು ಪೆನ್ನು ಕೆಳಗಿಟ್ಟೆ. ತಪ್ಪಾಯಿತು ಎಂದೆ. “ಆತ್ರಿ” ಎಂದು ಪೊರಕೆ ಎತ್ತಿಕೊಂಡು ಹೋದಳು. ಪೊಟ್ಟಣ ನನ್ನ ಮೇಜಿನ ಮೇಲೇ ಉಳಿಯಿತು. ಸಂಜೆ ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಸಿಗರೇಟುಗಳನ್ನು ನಲ್ಲಿಯ ಕೆಳಗೆ ಹಿಡಿದು ನೆನೆಸಿ ಬಿಸಾಡಿದೆ. ಮಗಳು ಹುಟ್ಟಿದಾಗ ಬಿಡಲಾಗದ್ದನ್ನು ಹೀಗೆ ಬಿಟ್ಟೆ.

ಬಿಟ್ಟವರು ಎಷ್ಟು ಬೇಗ ಅಸಹ್ಯ ಪ್ರಾಣಿಗಳಾಗುತ್ತಾರೆಂದು ನಿಮಗೆ ಗೊತ್ತಿರಬಹುದು. ಬಾಂದ್ರಾದಿಂದ ಬಸ್ಸಿನಲ್ಲಿ ಕುರ್ಲಾಕ್ಕೆ ಬಂದು ನಾನು ಲೋಕಲ್ ಹಿಡಿಯುವುದು. ಮೊನ್ನೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಬ್ಬ ಯುವಕ ಕದ್ದು ಸೇದುತ್ತಿದ್ದ. ಹತ್ತಿರ ಹೋಗಿ ಕಾನೂನು, ಶ್ವಾಸಕೋಶ, ಸುತ್ತಲಿನವರ ಕಷ್ಟ ಎಲ್ಲವನ್ನೂ ನನ್ನ ಮೈಸೂರು ಹಿಂದಿಯಲ್ಲಿ ವಿವರಿಸಿದೆ. ಎರಡು ಲೋಕಲ್ ಬಂದು ಹೋದವು. ಅವನು ತಾಳ್ಮೆಯಿಂದ ಕೇಳಿ, “ಅಂಕಲ್, ಛೋಡ್ಕೆ ಕಿತ್ನೇ ದಿನ್ ಹುಏ?” ಎಂದ. ಬಿಟ್ಟು ಹದಿನೇಳು ದಿನವಾಯಿತೆಂದೆ.

ಅವನು ನಕ್ಕು ಸಿಗರೇಟನ್ನು ಕಾಲಿನಡಿ ಹೊಸಕಿದ. ಹೊಗೆ ನಿಂತಿತು. ಅದರ ಜೊತೆಗೆ ನನ್ನ ಭಾಷಣವೂ ನಿಂತಿತು. ಅಷ್ಟು ಹೊತ್ತೂ ನಾನು ಗಾಳಿ ಅವನಿಂದ ನನ್ನ ಕಡೆಗೆ ಬೀಸುವ ಜಾಗದಲ್ಲೇ ನಿಂತಿದ್ದೆನೆಂಬುದು ಆಗ ತಿಳಿಯಿತು.