ಅಂಬಟೆಪದವು ರಸ್ತೆ ಮತ್ತು ಜೋಕಿಮನ ಜೀಪು

ಕಾರ್ಕಳದ ಬಸ್ಸು ಮಾರ್ಗದಿಂದ ಅಂಬಟೆಪದವಿನವರೆಗೆ ಐದು ಕಿಲೋಮೀಟರು ಉದ್ದದ ಡಾಮರು ರಸ್ತೆಯೊಂದು ೧೯೭೪ರಿಂದಲೂ ಇದೆ. ಈ ಬಗ್ಗೆ ಯಾರೂ ಸಂಶಯಪಡುವ ಅಗತ್ಯವಿಲ್ಲ. ರಸ್ತೆ ರಿಜಿಸ್ಟರಿನ ನಲವತ್ತೊಂದನೇ ಪುಟದಲ್ಲಿ ಅದರ ಉದ್ದ, ಅಗಲ, ಎರಡೂ ಬದಿಯ ಚರಂಡಿ, ನಡುವೆ ಸಿಗುವ ತೋಡಿಗೆ ಕಟ್ಟಿದ ಒಂದು ಸೇತುವೆ, ಎಲ್ಲವೂ ಚಂದದ ಅಕ್ಷರದಲ್ಲಿ ನಮೂದಾಗಿವೆ. ೧೯೭೮ರಲ್ಲಿ ಮರುಡಾಮರು ಆಯಿತು. ೧೯೮೦ರ ಮಳೆಗೆ ಬಿದ್ದ ಹೊಂಡಗಳನ್ನು ಮುಚ್ಚಲಾಯಿತು. ಇಷ್ಟೆಲ್ಲ ಉಪಚಾರ ಕಂಡ ರಸ್ತೆಯನ್ನು ನೋಡದೆ ಉಳಿದವರೆಂದರೆ ಅಂಬಟೆಪದವಿನ ಇಪ್ಪತ್ತೆರಡು ಮನೆಯವರು ಮಾತ್ರ. ದಿನಾ ಅದೇ ಜಾಗದಲ್ಲಿ ಕೆಸರು ತುಳಿದು, ತೋಡಿಗಿಳಿದು ಓಡಾಡುವವರಿಗೆ ಕಾಲ ಕೆಳಗಿನ ವಸ್ತು ಕಾಣದಿರುವುದು ಸಹಜವೇ.

ಹೀಗೆ ಕಾಣದವರಲ್ಲಿ ಜೋಕಿಮನೂ ಒಬ್ಬ. ಏಳು ವರ್ಷ ಕುವೈಟಿನ ಮರಳಿನಲ್ಲಿ ಎಣ್ಣೆ ಕಂಪನಿಯ ಗಾಡಿ ಓಡಿಸಿ, ೧೯೮೨ರ ಜನವರಿಯಲ್ಲಿ ಅವನು ಊರಿಗೆ ಬಂದದ್ದು ಒಂದೇ ಕಾರಣಕ್ಕೆ. ಅವನ ತಾಯಿ ಕ್ಲಾರಾಬಾಯಿಗೆ ಎದೆಯ ಕಾಯಿಲೆ. ಹದಿನೈದು ದಿನಕ್ಕೊಮ್ಮೆ ಮಂಗಳವಾರ ಮಣಿಪಾಲದ ಆಸ್ಪತ್ರೆಗೆ ಹೋಗಲೇಬೇಕು. ಬೇಸಗೆಯಲ್ಲಿ ಆಕೆ ಮಗಳ ಹೆಗಲು ಹಿಡಿದು, ಸಿಕ್ಕ ಸಿಕ್ಕ ಕಲ್ಲಿನ ಮೇಲೆ ಕುಳಿತು, ಹೇಗೋ ಬಸ್ಸು ಮುಟ್ಟುತ್ತಿದ್ದರು. ಮಳೆಗಾಲದಲ್ಲಿ ತೋಡು ತುಂಬಿದರೆ ಅದೂ ಇಲ್ಲ. "ಇನ್ನೊಂದು ಮಳೆಗಾಲ ಮದ್ದು ತಪ್ಪಿದರೆ ನಾನು ಜವಾಬ್ದಾರಿ ಅಲ್ಲ" ಎಂದು ಡಾಕ್ಟರು ಹೇಳಿದ್ದರು. ಮಳೆಗೆ ಮೊದಲು ತಾಯಿಗೊಂದು ಗಾಡಿ ಆಗಬೇಕು, ಅದು ರಸ್ತೆಯ ಹಂಗಿಲ್ಲದೆ ಹೋಗಬೇಕು ಎಂದು ಜೋಕಿಮ್ ನಿಶ್ಚಯಿಸಿದ.

ಆದಿ ಉಡುಪಿಯಲ್ಲಿ ಹಳೆ ಗಾಡಿ ಮಾರುವ ಬದ್ರುದ್ದೀನನ ಅಂಗಳದಲ್ಲಿ ಮಿಲಿಟರಿಯವರು ಹರಾಜು ಹಾಕಿದ ಒಂದು ಜೀಪು ಸಿಕ್ಕಿತು. ಅದನ್ನು ಕಾಪುವಿನ ಹೆದ್ದಾರಿ ಬದಿಯಲ್ಲಿರುವ ಪುತ್ತುಬ್ಬನ ಗ್ಯಾರೇಜಿಗೆ ಎಳೆಸಿದ. ಟಿಂಕರ್ ಪುತ್ತುಬ್ಬ ಜೀಪಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಬೀಡಿ ಹಚ್ಚಿ ಕೇಳಿದ.

"ಪರ್ಬುಗಳೇ, ನಿಮಗೆ ಎಂತ ಬೇಕು? ಜೀಪಾ, ದೋಣಿಯಾ?"

"ಎರಡೂ ಬೇಕು ಪುತ್ತುಬ್ಬಾಕ. ಕಾಯಿಲೆಯ ನಮ್ಮ ಮಾಯ್ ಒಳಗೆ ಮಲಗಿಕೊಂಡು ಹೋಗುವ ಹಾಗೆಯೂ ಆಗಬೇಕು."

ಎರಡೂವರೆ ತಿಂಗಳು ಕೆಲಸ ನಡೆಯಿತು. ಚಾಸಿಯ ಹಿಂಭಾಗವನ್ನು ಎರಡು ಅಡಿ ಉದ್ದ ಮಾಡಿದರು. ಹೆಬ್ಬಲಸಿನ ಮರದ ಚೌಕಟ್ಟಿಗೆ ದಪ್ಪ ತಗಡು ಹೊಡೆದು, ಆನೆ ನಿಂತರೂ ಜಗ್ಗದ ಹೊಸ ಬಾಡಿ ಕಟ್ಟಿದರು. ಒಳಗೆ ಒಂದು ಮಂಚ, ಹಿಡಿದುಕೊಳ್ಳಲು ಪೈಪು. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದರು. ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟು ಹಾಕಿ ಗಾಡಿಯನ್ನು ಎತ್ತರಿಸಿದರು. ನಾಲ್ಕು ಚಕ್ರಕ್ಕೂ ಕೆಸರು ಕಚ್ಚುವ ಬಟನ್ ಟಯರು ಬಂತು, ಕೆಟ್ಟುಹೋಗಿದ್ದ ಫೋರ್ ವೀಲ್ ಡ್ರೈವ್ ಮತ್ತೆ ಜೀವ ಪಡೆಯಿತು. ಸೈಲೆನ್ಸರಿಗೆ ನೀರು ನುಗ್ಗದಂತೆ ಹೊಗೆ ಕೊಳವೆಯನ್ನು ಗಾಡಿಯ ನೆತ್ತಿಯ ಮಾಡಿನ ಮೇಲಕ್ಕೆ ಎತ್ತಿ ಕಟ್ಟಿದರು. ಒಂದು ಸಲ ತೋರಿಸಲೆಂದು ಜೋಕಿಮ್ ಅದನ್ನು ಮನೆಗೆ ತಂದಾಗ ಕ್ಲಾರಾಬಾಯಿ ಬಾನೆಟ್ಟಿನ ಮೇಲೆ ಶಿಲುಬೆಯ ಗುರುತು ಹಾಕಿ, "ನಾಳೆಯೇ ಹೋಗುವಾ ಪುತಾ" ಎಂದರು.

ಆದರೆ ಜೋಕಿಮನಿಗೆ ಕುವೈಟಿನ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಕಾಗದ ಸರಿಯಿಲ್ಲದ ಗಾಡಿಯಲ್ಲಿ ಅವನು ಯಾರನ್ನೂ ಕೂರಿಸುತ್ತಿರಲಿಲ್ಲ. "ಮೊದಲು ಪರ್ಮಿಶನ್ ಆಗಲಿ ಮಾಯ್, ಎಂಟು ದಿನದ ಕೆಲಸ" ಎಂದು ಉಡುಪಿಗೆ ಹೊರಟ.

ಉಡುಪಿಯಲ್ಲಿ ವಾಹನ ಪರಿವರ್ತನಾ ಪರಿಶೀಲನಾ ಉಪಶಾಖೆ ಎಂಬ ಕಚೇರಿಯಿತ್ತು. ಅಲ್ಲಿಯ ಅರ್ಜಿಯ ಹನ್ನೊಂದನೇ ಕಲಮಿನಲ್ಲಿ "ಪರಿವರ್ತನೆಗೆ ಕಾರಣ" ಎಂದಿತ್ತು. ಜೋಕಿಮ್ ಸ್ವಲ್ಪವೂ ಯೋಚಿಸದೆ "ನಮ್ಮ ಊರಿಗೆ ರಸ್ತೆ ಇಲ್ಲ" ಎಂದು ಬರೆದು ಸಹಿ ಹಾಕಿದ. ಹೆಡ್ ಕ್ಲಾರ್ಕ್ ರೊಸಾರಿಯೊ ಅದನ್ನು ಓದಿ ಕನ್ನಡಕ ತೆಗೆದು ಒರೆಸಿದರು.

"ಎಂತ ಬರೆದದ್ದು ಮಾರಾಯ ಇದು?"

"ಕಾರಣ ಕೇಳಿದ್ದರು, ಬರೆದೆ."

"ಕಾರಣ ಕೇಳಿದರೆ ನಿಜ ಬರೆಯುವುದಾ? ಮದುವೆ ಮೆರವಣಿಗೆ ಅಂತ ಬರೆದಿದ್ದರೆ ಇವತ್ತೇ ಆಗುತ್ತಿತ್ತು. ಈಗ ಶಾಯಿಯಲ್ಲಿ ಬರೆದಾಯಿತು, ನಂಬ್ರ ಬಿದ್ದಾಯಿತು."

ಅರ್ಜಿ ಉಪಶಾಖಾಧಿಕಾರಿಗಳ ಮೇಜಿಗೆ ಹೋಯಿತು. ಅವರು ಸಿಟ್ಟುಗೊಳ್ಳುವವರಲ್ಲ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರು ಕುರ್ಚಿಯಿಂದ ಏಳದೆಯೇ ಸಾವಿರಾರು ವಾಹನಗಳನ್ನು ಪರಿಶೀಲಿಸಿದ್ದರು. ರಸ್ತೆ ರಿಜಿಸ್ಟರನ್ನು ತರಿಸಿ, ನಲವತ್ತೊಂದನೇ ಪುಟ ತೆರೆದು, ಜೋಕಿಮನನ್ನು ಸಾವಧಾನವಾಗಿ ವಿಚಾರಿಸಿದರು.

"ನಿಮ್ಮ ಊರಿಗೆ ರಸ್ತೆ ಇಲ್ಲವೆಂದು ನಿಮಗೆ ತಿಳಿಸಿದವರು ಯಾರು?"

"ಯಾರೂ ತಿಳಿಸಲಿಲ್ಲ ಸರ್. ನಾನು ಅಲ್ಲಿಯೇ ಇರುವುದು."

"ಅಂದರೆ ಅಧಿಕೃತ ಮಾಹಿತಿ ಇಲ್ಲ."

"ಕಣ್ಣಲ್ಲಿ ಕಾಣುತ್ತದಲ್ವಾ ಸರ್?"

"ಕಣ್ಣು ದಾಖಲೆಯಲ್ಲ" ಎಂದರು ಅಧಿಕಾರಿಗಳು. "ರಸ್ತೆ ಇದ್ದರೆ ಈ ದೊಡ್ಡ ಟಯರು, ಈ ಎತ್ತರ ಯಾವುದೂ ಅಗತ್ಯವಿಲ್ಲ. ಅಗತ್ಯವಿಲ್ಲದ ಪರಿವರ್ತನೆಗೆ ನಿಯಮದಲ್ಲಿ ಅವಕಾಶವಿಲ್ಲ. ರಸ್ತೆ ಇಲ್ಲದಿದ್ದರೆ ಎಂಟು ವರ್ಷದ ಕಡತಗಳೆಲ್ಲ ಸುಳ್ಳಾಗುತ್ತವೆ. ಒಂದು ಜೀಪಿಗಾಗಿ ಅಷ್ಟು ಕಡತಗಳಿಗೆ ಅನ್ಯಾಯ ಮಾಡಲಾಗುವುದಿಲ್ಲ. ಆದರೂ ನಾವು ನಿಷ್ಪಕ್ಷಪಾತಿಗಳು. ಜಂಟಿ ಸ್ಥಳ ತನಿಖೆ ಮಾಡೋಣ."

ಮೇ ತಿಂಗಳ ಎರಡನೇ ವಾರ ಜಂಟಿ ತನಿಖೆ ನಡೆಯಿತು. ಉಪಶಾಖಾಧಿಕಾರಿಗಳು, ರಸ್ತೆಗೆ ಸಂಬಂಧಪಟ್ಟ ಇಂಜಿನಿಯರರು, ಕಡತ ಹೊತ್ತ ರೊಸಾರಿಯೊ, ಮೂವರೂ ಸರಕಾರಿ ಕಾರಿನಲ್ಲಿ ಬಂದರು. ಬಸ್ಸು ಮಾರ್ಗ ಬಿಟ್ಟು ಇಳಿದಲ್ಲಿಯೇ ಕಾರು ನಿಂತಿತು. ಮುಂದಿನ ಮುರಕಲ್ಲು, ಕೊರಕಲು ನೋಡಿ ಡ್ರೈವರು ಹೊಟ್ಟೆನೋವು ಎಂದ. ಹಾಗಾಗಿ ತನಿಖಾ ತಂಡ, ಎದುರುಗೊಳ್ಳಲು ಜೋಕಿಮ್ ಅಲ್ಲಿಗೆ ತಂದು ನಿಲ್ಲಿಸಿದ್ದ, ತನಿಖೆಗೊಳಗಾಗಬೇಕಾದ ಜೀಪನ್ನೇ ಹತ್ತಿತು. ಜೋಕಿಮ್ ಸಣ್ಣ ಗೇರು ಹಾಕಿದ. ಜೀಪು ಬಂಡೆ ಹತ್ತಿತು, ಹೊಂಡ ಇಳಿಯಿತು, ಒಂದು ಕಡೆ ಮೂರೇ ಚಕ್ರದಲ್ಲಿ ನಿಂತು ಯೋಚಿಸಿ ಮತ್ತೆ ಮುಂದೆ ಹೋಯಿತು. ಇಂಜಿನಿಯರರು ಎರಡೂ ಕೈಯಲ್ಲಿ ಪೈಪು ಹಿಡಿದು ಕಣ್ಣು ಮುಚ್ಚಿದ್ದರು. ತೋಡು ಬಂದಾಗ ಜೀಪು ಎಮ್ಮೆಯ ಹಾಗೆ ಸೀದಾ ನೀರಿಗಿಳಿಯಿತು.

"ಇದು ಯಾವ ಭಾಗ?" ಎಂದು ಅಧಿಕಾರಿಗಳು ಕೇಳಿದರು.

"ಸೇತುವೆ" ಎಂದರು ಇಂಜಿನಿಯರರು, ಕಣ್ಣು ತೆರೆಯದೆ.

ಜೋಕಿಮನ ಮನೆಯಲ್ಲಿ ಎರಡು ಊರಕೋಳಿ ಸೇವೆಗೆ ಸಂದವು. ಹಿಂದಿರುಗುವಾಗ ಅಧಿಕಾರಿಗಳು ಭಾರ ಹೊರುವ ಸಾಮರ್ಥ್ಯದ ಪರೀಕ್ಷೆಗಾಗಿ ಹದಿನಾರು ಹಲಸಿನಹಣ್ಣು, ಎರಡು ಗೊನೆ ಬಾಳೆ, ಒಂದು ಗೋಣಿ ತೆಂಗಿನಕಾಯಿ ತುಂಬಿಸಿಕೊಂಡರು. ಪರೀಕ್ಷೆ ಉಡುಪಿಯ ಅವರ ಮನೆಯ ಅಂಗಳದವರೆಗೂ ತೃಪ್ತಿಕರವಾಗಿ ನಡೆಯಿತು. ತನ್ನ ಜೀಪು ಪಾಸಾಯಿತೆಂದು ಜೋಕಿಮ್ ಖುಷಿಪಟ್ಟ. ಹತ್ತು ದಿನದಲ್ಲಿ ಆದೇಶ ಬಂತು.

"ನಿಗದಿತ ದಿನಾಂಕದಂದು ತನಿಖಾ ತಂಡವು ಸದರಿ ರಸ್ತೆಯ ಆರಂಭದಿಂದ ಕೊನೆಯವರೆಗೆ ನಾಲ್ಕು ಚಕ್ರದ ಮೋಟಾರು ವಾಹನದಲ್ಲಿ ಕುಳಿತು ಸುರಕ್ಷಿತವಾಗಿ ಪ್ರಯಾಣಿಸಿದೆ. ಮೋಟಾರು ವಾಹನ ಹೋಗುವ ಮಾರ್ಗವೇ ರಸ್ತೆಯಾದ ಕಾರಣ ರಸ್ತೆಯ ಅಸ್ತಿತ್ವ ನಿಸ್ಸಂದೇಹವಾಗಿ ಸಾಬೀತಾಗಿದೆ. ರಸ್ತೆ ಇರುವುದರಿಂದ ವಾಹನದ ಎತ್ತರ, ವಿಶೇಷ ಟಯರು, ಮೇಲ್ಮುಖ ಹೊಗೆ ಕೊಳವೆ ಮತ್ತು ಮುಂಚಕ್ರದ ಚಾಲನೆಯನ್ನು ಹದಿನೈದು ದಿನಗಳೊಳಗೆ ತೆಗೆದುಹಾಕತಕ್ಕದ್ದು. ಬಾಡಿಯು ರಸ್ತೆಗೆ ಅವಮಾನಕರವಾಗಿಲ್ಲದ ಕಾರಣ ಅದನ್ನು ಉಳಿಸಿಕೊಳ್ಳಬಹುದು."

ಜೋಕಿಮ್ ಆದೇಶವನ್ನು ನಾಲ್ಕು ಸಲ ಓದಿದ. ಅವನ ಜೀಪು ಚೆನ್ನಾಗಿ ಓಡಿದ್ದೇ ಅದರ ತಪ್ಪಾಗಿತ್ತು. ರೊಸಾರಿಯೊ ಅವನನ್ನು ಕಚೇರಿಯ ಹಿಂದಿನ ಹೋಟೆಲಿಗೆ ಕರೆದೊಯ್ದು ಕಾಫಿ ಕುಡಿಸಿದರು. "ನೀನು ಅವತ್ತು ಗಾಡಿಯನ್ನು ಒಂದು ಕಡೆಯಾದರೂ ಹೂತುಹಾಕಬೇಕಿತ್ತು. ಅಷ್ಟು ಚಂದದಲ್ಲಿ ಓಡಿಸಿದ್ದು ಯಾಕೆ?" ಎಂದು ಬೇಸರದಿಂದ ಹೇಳಿದರು.

ಕಾಗದಕ್ಕೆ ಹೆದರುವ ಜೋಕಿಮ್ ಜೀಪನ್ನು ಮತ್ತೆ ಕಾಪುವಿಗೆ ಒಯ್ದ. ಪುತ್ತುಬ್ಬ ಆದೇಶವನ್ನು ಓದಿಸಿ ಕೇಳಿ, ಬೀಡಿಯನ್ನು ನೆಲಕ್ಕೆ ಒತ್ತಿ ನಂದಿಸಿದ.

"ಮೂವತ್ತು ವರ್ಷದಿಂದ ಹಾಳಾದ ಗಾಡಿ ಸರಿಮಾಡುವವ ನಾನು" ಎಂದ. "ಸರಿ ಇರುವ ಗಾಡಿಯನ್ನು ಹಾಳು ಮಾಡಲಿಕ್ಕೆ ಸರಕಾರಿ ಆರ್ಡರು ಬಂದದ್ದು ಇದು ಮೊದಲು ಪರ್ಬುಗಳೇ. ಕೂಲಿ ಬೇಡ. ಈ ಕೆಲಸಕ್ಕೆ ಕೂಲಿ ತೆಗೆದುಕೊಂಡರೆ ನನಗೆ ಊಟ ಸೇರಲಿಕ್ಕಿಲ್ಲ."

ಪ್ಲೇಟು ಇಳಿಯಿತು, ಟಯರು ಬದಲಾಯಿತು, ಕೊಳವೆ ಕೆಳಗೆ ಬಂತು. ಜೂನ್ ಐದರಂದು "ಅಂಬಟೆಪದವು ರಸ್ತೆಯಲ್ಲಿ ಸಂಚರಿಸಲು ಸರ್ವಥಾ ಯೋಗ್ಯ" ಎಂಬ ಸರ್ಟಿಫಿಕೇಟು ಜೋಕಿಮನ ಕೈಸೇರಿತು. ಮರುದಿನ ಮಳೆ ಶುರುವಾಯಿತು. ಮಂಗಳವಾರ ಆಸ್ಪತ್ರೆಯ ದಿನ. ಸೋಮವಾರವೇ ಜೀಪನ್ನು ಮನೆ ಮುಟ್ಟಿಸಬೇಕೆಂದು ಜೋಕಿಮ್ ಹೊರಟ. ಹೇಗೋ ತೋಡಿನವರೆಗೆ ಬಂದ. ನೀರಿಗಿಳಿದ ಜೀಪು ನಟ್ಟನಡುವೆ ಕೆಮ್ಮಿ ನಿಂತಿತು. ಹಿಂಚಕ್ರ ತಿರುಗಿದಷ್ಟೂ ಮರಳಿನೊಳಗೆ ಇಳಿಯಿತು. ಊರವರು ಬಂದು ಎಳೆದರು, ದೂಡಿದರು. ಮಂಗಳವಾರ ಬೆಳಿಗ್ಗೆ ನೋಡಿದರೆ ಬಾಗಿಲಿನವರೆಗೆ ಮರಳು ತುಂಬಿತ್ತು. ಆಸ್ಪತ್ರೆಗೆಂದು ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕುಳಿತಿದ್ದ ತಾಯಿಗೆ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಜೋಕಿಮ್ ತೋಡಿನ ಬದಿಯಲ್ಲಿ ಕೊಡೆ ಹಿಡಿದು ನಿಂತು ಅತ್ತ. ಏಳು ವರ್ಷದ ಬೆವರು ಕಣ್ಣೆದುರೇ ಹೂತುಹೋಗುವುದನ್ನು ನೋಡಿ ಗಟ್ಟಿಗಂಡಸೂ ಅಳುತ್ತಾನೆ.

ಜೀಪನ್ನು ಎಳೆಯಲು ಕ್ರೇನು ಒದಗಿಸಬೇಕೆಂದು ಅವನು ಅರ್ಜಿ ಕೊಟ್ಟ. "ಸದರಿ ಸ್ಥಳದಲ್ಲಿ ಸೇತುವೆ ಇರುವುದರಿಂದ ವಾಹನವು ನೀರಿನಲ್ಲಿ ಸಿಲುಕುವ ಸಂಭವವಿಲ್ಲ. ಅರ್ಜಿ ವಜಾ" ಎಂದು ಉತ್ತರ ಬಂತು.

ಇತ್ತ ಊರವರಿಗೆ ದಾರಿ ಬೇಕಿತ್ತು. ಹಾಲು ಕೊಂಡೊಯ್ಯುವ ಆನಿ ಒಂದು ದಿನ ತೆಂಗಿನ ಮರದ ಸಂಕವೊಂದನ್ನು ದಡದಿಂದ ಜೀಪಿನ ಮಾಡಿಗೆ ಹಾಕಿಸಿದಳು. ಆ ಕಡೆಯಿಂದ ಇನ್ನೊಂದು ಬಂತು. ಹೆಬ್ಬಲಸಿನ ಬಾಡಿ ಒಂದಿಷ್ಟೂ ಜಗ್ಗಲಿಲ್ಲ. ವಾರದೊಳಗೆ ಊರಿಡೀ ಜೀಪಿನ ಮೇಲೆ ನಡೆದಾಡತೊಡಗಿತು. ಅದೇ ಹೊತ್ತಿಗೆ ಬೆಂಗಳೂರಿನಿಂದ ಆಡಿಟಿನವರು ಸೇತುವೆಗಳನ್ನು ಎಣಿಸಲು ಬರುತ್ತಾರೆಂಬ ಸುದ್ದಿ ಬಂತು. ಇಂಜಿನಿಯರರು ಗಾಬರಿಯಿಂದ ಓಡಿಬಂದರು. ತೋಡಿನ ಬಳಿ ನಿಂತು ನೋಡಿದವರ ಮುಖ ಅರಳಿತು. ಎಂಟು ವರ್ಷದಿಂದ ಪುಟದಲ್ಲಿದ್ದ ಸೇತುವೆ ಕೊನೆಗೂ ಜಾಗಕ್ಕೆ ಬಂದಿತ್ತು.

ಎರಡು ದಿನದಲ್ಲಿ ಜೀಪಿನ ಒಳಗೆ ಕಲ್ಲು ತುಂಬಿ ಕಾಂಕ್ರೀಟು ಸುರಿದರು. ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ ಕಟ್ಟಿ, ಸುಣ್ಣ ಬಳಿದು, ಬಾನೆಟ್ಟಿನ ಮೇಲೆ "ಸೇತುವೆ ಸಂಖ್ಯೆ ೧, ನಿರ್ಮಾಣ ೧೯೭೪" ಎಂದು ಬರೆದರು. ಬಳಿಕ ರೊಸಾರಿಯೊ ಒಂದು ಕಾಗದ ಹಿಡಿದು ಜೋಕಿಮನ ಮನೆಗೆ ಬಂದರು. ಒಂದೇ ವಸ್ತು ಏಕಕಾಲದಲ್ಲಿ ವಾಹನವೂ ಸೇತುವೆಯೂ ಆಗಿರಲು ನಿಯಮದಲ್ಲಿ ಅವಕಾಶವಿಲ್ಲವಾದ್ದರಿಂದ, ತಾನು ಯಾವತ್ತೂ ಜೀಪಿನ ಮಾಲಕನಾಗಿರಲಿಲ್ಲವೆಂದು ಅವನು ಬರೆದುಕೊಡಬೇಕಿತ್ತು.

"ಕೊಡದಿದ್ದರೆ?"

"ಸಾರ್ವಜನಿಕ ಸೇತುವೆಯ ಒಳಗೆ ಜೀಪು ನಿಲ್ಲಿಸಿದ ಕೇಸು ಮಾರಾಯ. ಸೇತುವೆಯನ್ನು ಕಿತ್ತು ನಿನಗೆ ಜೀಪು ವಾಪಸು ಕೊಡುತ್ತಾರೆ. ಮತ್ತೆ ಮಾಯ್ ತೋಡು ದಾಟುವುದು ಹೇಗೆ?"

ಜೋಕಿಮ್ ಒಳಗೆ ನೋಡಿದ. ಕ್ಲಾರಾಬಾಯಿ ಗೋಡೆಗೊರಗಿ ಉಸಿರು ಎಳೆಯುತ್ತಿದ್ದರು. ಪೆನ್ನು ತೆಗೆದು ಸಹಿ ಹಾಕಿದ.

ಮುಂದಿನ ಆಸ್ಪತ್ರೆಯ ದಿನವೇ ಸೇತುವೆಯ ಉದ್ಘಾಟನೆ ಇಟ್ಟುಕೊಂಡರು. ಎಂಟು ವರ್ಷ ಹಳೆಯದಾದ ಸೇತುವೆಯನ್ನು ಉದ್ಘಾಟಿಸಬಹುದೇ ಎಂಬ ಪ್ರಶ್ನೆಗೆ, ಉದ್ಘಾಟನೆಯಾಗಿಲ್ಲವೆಂದು ಕಡತದಲ್ಲಿ ಎಲ್ಲೂ ಬರೆದಿಲ್ಲ, ಆಗಿದೆಯೆಂದೂ ಬರೆದಿಲ್ಲ ಎಂಬ ಟಿಪ್ಪಣಿ ಬಂತು. ಊರಿನ ಹಿರಿಯರೆಂದು ಕ್ಲಾರಾಬಾಯಿಯ ಕೈಯಿಂದಲೇ ರಿಬ್ಬನ್ನು ಕತ್ತರಿಸಿದರು. ಆಕೆ ಮಗನ ಕೈ ಹಿಡಿದು, ಮಗನ ಜೀಪಿನ ಮೇಲೆ ಹೆಜ್ಜೆ ಇಟ್ಟು ಆಚೆ ದಡ ಸೇರಿದರು. ಆಡಿಟಿನವರು ಒಂದು ಎಂದು ಎಣಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಜೋಕಿಮನೂ ತಟ್ಟಿದ.

"ಹೇಗುಂಟು ಬಾಯಮ್ಮ ಸೇತುವೆ?" ಎಂದು ಉಪಶಾಖಾಧಿಕಾರಿಗಳು ಪ್ರೀತಿಯಿಂದ ವಿಚಾರಿಸಿದರು.

"ಗಟ್ಟಿ ಉಂಟು" ಎಂದರು ಕ್ಲಾರಾಬಾಯಿ. "ಇನ್ನು ನನ್ನ ಮಗ ಒಂದು ಜೀಪು ತೆಗೆದುಕೊಂಡರೆ ಆಯಿತು."

ಅಧಿಕಾರಿಗಳು ಅದನ್ನು ಸಾರ್ವಜನಿಕರ ಅಭಿಪ್ರಾಯವೆಂದು ಬರೆದುಕೊಳ್ಳಲು ಹೇಳಿದರು.

ಸಮಾರಂಭ ಮುಗಿದು ಗಣ್ಯರೂ ರೋಗಿಯೂ ಒಟ್ಟಿಗೇ ಬಸ್ಸಿನ ಕಡೆ ಹೊರಟರು. ಬೇರೆ ದಾರಿ ಇರಲಿಲ್ಲ. ಆಡಿಟಿನವರು ಬೂಟುಗಳನ್ನು ಕೈಯಲ್ಲಿ ಹಿಡಿದಿದ್ದರು. ಇಂಜಿನಿಯರರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದರು. ಕ್ಲಾರಾಬಾಯಿ ನೂರು ಹೆಜ್ಜೆಗೊಮ್ಮೆ ನಿಂತು ಉಸಿರು ಸುಧಾರಿಸಿಕೊಳ್ಳುವಾಗ ಎಲ್ಲರೂ ಗೌರವದಿಂದ ನಿಲ್ಲುತ್ತಿದ್ದರು. ಒಂದು ತಿರುವಿನಲ್ಲಿ ಕೆಸರು ಹೆಚ್ಚಾಗಿ, ಉಪಶಾಖಾಧಿಕಾರಿಗಳು ಮುಂದೆ ಕಾಲಿಡಲು ಅನುಮಾನಿಸಿದರು. ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಳ್ಳುತ್ತಿದ್ದ ಜೋಕಿಮ್ ತಿರುಗಿ ನೋಡಿ, ವಿನಯದಿಂದ ಎಚ್ಚರಿಸಿದ.

"ಜಾಗ್ರತೆ ಸರ್, ಇಲ್ಲಿ ಡಾಮರು ಸ್ವಲ್ಪ ಆಳ ಉಂಟು."

ಎಲ್ಲರೂ ತಲೆಯಾಡಿಸಿ, ಪ್ಯಾಂಟುಗಳನ್ನು ಇನ್ನೊಂದು ಮಡಿಕೆ ಮೇಲಕ್ಕೆತ್ತಿಕೊಂಡರು.