ನನ್ನ ಕೈ ಅಳತೆಯ ಗಾಳದ ಕೋಲು

ಆ ಶನಿವಾರ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎನ್ನುವ ಕಾರಣಕ್ಕೇ ಅದು ನನಗೆ ಇಷ್ಟು ಚೆನ್ನಾಗಿ ನೆನಪಿದೆ. ಬೆಳಿಗ್ಗೆ ನಳದ ನೀರು ಬಂತು, ಹೋಯಿತು. ನಾನು ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ನಾದುತ್ತ, ನಾದುವುದಕ್ಕಿಂತ ಹೆಚ್ಚು ನರಳುತ್ತ ಕುಳಿತಿದ್ದೆ. ನನ್ನ ಬೆರಳುಗಳಿಗೆ ಸಂಧಿವಾತ ಹತ್ತಿ ಹನ್ನೊಂದು ವರ್ಷವಾಯಿತು. ಬೆಳಗಾವಿಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಆಯುಷ್ಯವಿಡೀ ಬೇರೆಯವರ ಪತ್ರ ಬಡಿದದ್ದಕ್ಕೆ ಸಿಕ್ಕ ಬಹುಮಾನ ಇದು ಎಂದು ನಾನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ಡಾಕ್ಟರು, ಟೈಪಿಂಗಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಹೇಳಿ ಆ ಒಂದು ಹೆಮ್ಮೆಯನ್ನೂ ಕಸಿದುಕೊಂಡರು. ಹೀಗೆ ಕುಳಿತಿದ್ದಾಗ ನಮ್ಮ ಮನೆಯವರು ಒಳಗೆ ಬಂದು, ನನ್ನ ಹಿಟ್ಟಿನಲ್ಲಿ ಒಂದು ದೊಡ್ಡ ಉಂಡೆ ಮುರಿದುಕೊಂಡು, ಅದಕ್ಕೆ ಹಿಡಿ ಉಪ್ಪು ಹಾಕಿ ತಾವೇ ಮಿದ್ದಿ, ಉದ್ದಕ್ಕೆ ಹೊಸೆದು ನನ್ನ ಬಲಗೈಯಲ್ಲಿಟ್ಟರು.

"ಇದನ್ನ ಹಿಡಿ. ಕೋಲ ಹಿಡದಂಗ ಹಿಡಿ."

"ಏನ್ರೀ ಇದು? ಮುಂಜಾನೆ ಮುಂಜಾನೆ ಹುಚ್ಚ ಹಿಡದೈತೇನು?"

"ಹಿಡಿ ಅಂದ್ರ ಹಿಡಿ. ನೋವಾಗದಷ್ಟ ಒತ್ತು, ಸಾಕು."

ಒತ್ತಿದೆ. ಅವರು ಅದನ್ನು ನನ್ನ ಅಂಗೈಯಿಂದ ಮೊಟ್ಟೆ ಎತ್ತುವ ಹಾಗೆ ಮೆಲ್ಲಗೆ ಎತ್ತಿಕೊಂಡರು. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಆದ್ದರಿಂದ ಮೊಟ್ಟೆಯನ್ನು ಹಾಗೆಯೇ ಎತ್ತುತ್ತಾರೆಂದು ಊಹೆಯಿಂದ ಬರೆಯುತ್ತಿದ್ದೇನೆ. "ನಾಳೆ ಹೊಳಿಗೆ ಹೋಗತೀನಿ. ಮುಂದಿನ ಐತವಾರ ನೀನೂ ಬರಬೇಕ ನೋಡು," ಎಂದರು. "ಈ ಕೈ ತಗೊಂಡೇನು?" ಎಂದೆ. "ಈ ಕೈಗೇ ಒಂದ ಕೋಲ ಹುಡುಕಾಕತ್ತೇನಿ." "ಆತು, ಬರತೀನಿ ಬಿಡ್ರಿ," ಎಂದೆ. ಬರುವ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅವರು ಅಡುಗೆಮನೆಯಿಂದ ಹೊರಗೆ ಹೋಗಲಿ ಎಂದು ಹೇಳಿದ್ದು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಮೀನು ಹಿಡಿಯುವ ಗಂಡನನ್ನು ಇಟ್ಟುಕೊಂಡು ಸಂಸಾರ ಮಾಡುವುದು ಸುಲಭವಲ್ಲ. ಅವರು ಸರ್ವೇಯರ್ ಆಗಿದ್ದವರು. ಬೀಡಿ ಊರಿನಿಂದ ಕಣಕುಂಬಿಯವರೆಗೆ ಖಾನಾಪುರ ತಾಲೂಕಿನ ಹೊಲಗದ್ದೆಗಳನ್ನೆಲ್ಲ ಸರಪಳಿ ಎಳೆದು ಅಳೆದವರು. ಅಳೆಯುವ ನಡುವೆ ಎಲ್ಲೋ ಮಲಪ್ರಭಾ ಹೊಳೆಯ ದಂಡೆಯಲ್ಲಿ ಯಾರೋ ಕೈಗೆ ಗಾಳ ಕೊಟ್ಟರಂತೆ, ಅಂದಿನಿಂದ ಬಿಡಲಿಲ್ಲ. ನಮ್ಮ ಅತ್ತೆಯವರು ಆಗಲೇ ತೀರ್ಪು ಕೊಟ್ಟುಬಿಟ್ಟರು, ಕೋಲು ಹೊಸ್ತಿಲ ಒಳಗೆ ಬರಕೂಡದು. ಅಂದಿನಿಂದ ಬಿದಿರಿನ ಆ ಕೋಲು ಬಚ್ಚಲುಮನೆಯ ಹೊರಗೋಡೆಗೆ, ಎರಡು ಮೊಳೆಗಳ ಮೇಲೆ ಮಲಗಿರುತ್ತಿತ್ತು. ಅತ್ತೆ ಹೋದರೂ ತೀರ್ಪು ಹೋಗಲಿಲ್ಲ. ಎರೆಹುಳವನ್ನು ಮುಟ್ಟಲು ಇವರಿಗೆ ಹೇಸಿಗೆ, ಹಾಗಾಗಿ ಗಾಳಕ್ಕೆ ಸಿಕ್ಕಿಸುತ್ತಿದ್ದುದು ನಾನು ನಾದಿದ ಕಣಕವನ್ನೇ. ಮೂವತ್ತು ವರ್ಷ ಹೊಳೆಯ ಮೀನುಗಳು ನನ್ನ ಕೈಯಡುಗೆ ತಿಂದಿವೆ. ನನ್ನ ನಾದಿನಿಯ ಹಾಗೆ ಒಂದು ದಿನವೂ ಉಪ್ಪು ಕಡಿಮೆ ಎಂದು ಹೇಳಿ ಕಳಿಸಲಿಲ್ಲ. ಸಿಕ್ಕ ಮೀನನ್ನು ಬಿಟ್ಟುಬಿಡುತ್ತಿದ್ದರು. ದೊಡ್ಡದು ಬಿದ್ದರೆ ಅಲ್ಲೇ ಎಮ್ಮೆ ಕಾಯುವ ಧೋಂಡಿಬಾನಿಗೆ ಕೊಡುತ್ತಿದ್ದರು. ಗಾಳ ಬಿಡಿಸಲು ಅವರಿಗೆ ಬಹಳ ಹೊತ್ತು ಬೇಕಾಗುತ್ತಿತ್ತಂತೆ. ಒಮ್ಮೆ ಸ್ಕೂಟರಿನ ಸ್ಟ್ಯಾಂಡಿಗೆ ಸಿಕ್ಕಿ ಅವರ ಬಲಗೈ ಹೆಬ್ಬೆರಳಿನ ಉಗುರು ಸೀಳಿತ್ತು, ಆಮೇಲೆ ಅದು ಎರಡು ಹೋಳಾಗಿಯೇ ಬೆಳೆಯಿತು, ಅದರೊಳಗೆ ದಾರ ಸಿಕ್ಕಿಕೊಳ್ಳುತ್ತಿತ್ತು.

ಭಾನುವಾರ ಬೆಳಿಗ್ಗೆ ಆರರ ಬಸ್ಸಿಗೆ ಹೋದರು. ಮುಂದಿನದನ್ನು ನನಗೆ ಹೇಳಿದವನು ಧೋಂಡಿಬಾ.

"ಗಾಳದ ದಾರದ ಬೆಂಡ ಮುಳಗ್ತರಿ ಬಾಯಾರ. ಎದ್ದತು, ಮತ್ತ ಮುಳಗ್ತು. 'ಸಾಹೇಬ್ರ, ಎಳೀರಿ!' ಅಂತ ಆಚೀ ದಂಡಿಯಿಂದ ಒದರಿದೆ. ಎಳೀಲಿಲ್ಲ. ಬೆಂಡ ಮುಳುಗಿದ್ರ ಸುಮ್ಮನ ಕುಂದರೂ ಮನಶ್ಯಾ ಅಲ್ಲರಿ ಅವರು. ಅವಾಗ ನನಗ ತಿಳೀತು."

ಕಲ್ಲಿಗೆ ಬೆನ್ನು ಕೊಟ್ಟು, ಕೈಯಲ್ಲಿ ಕೋಲು ಹಿಡಿದು, ನೀರಿನ ಮೇಲೆ ಕಣ್ಣಿಟ್ಟು ಕುಳಿತೇ ಇದ್ದರಂತೆ. ಎಷ್ಟು ಹೊತ್ತಿನಿಂದ ಹಾಗಿದ್ದರೋ ಯಾರಿಗೂ ಗೊತ್ತಿಲ್ಲ. ಗಾಳ ಹಾಕಿ ಕುಳಿತ ಮನುಷ್ಯನಿಗೆ ಜೀವ ಇದೆಯೋ ಇಲ್ಲವೋ ಎಂದು ದೂರದಿಂದ ಹೇಳಲು ಬರುವುದಿಲ್ಲ ಎಂದು ಮೂವತ್ತು ವರ್ಷ ನಾನೇ ಆಡಿಕೊಂಡು ನಕ್ಕಿದ್ದೆ.

ಕೋಲು ಮನೆಗೆ ಬಂತು. ಯಾರೋ ಅದನ್ನು ಅದೇ ಮೊಳೆಗಳ ಮೇಲೆ ಇಟ್ಟರು. ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಅವರು ಚಹಾ ಕುಡಿದು ಹೊರಡುವ ಹೊತ್ತಿಗೆ, ಬಚ್ಚಲಿನ ಕಡೆಯಿಂದ ಟಕ್, ಟಕ್ ಎಂಬ ಸದ್ದು. ಕೋಲಿನ ತುದಿ ಬಚ್ಚಲಿನ ಮಾಡಿನ ತಗಡಿಗೆ ಬಡಿಯುತ್ತಿತ್ತು. ಗಾಳಿ ಎಂದುಕೊಂಡು ಹೊರಗೆ ಬಂದು ನೋಡಿದರೆ ಒಣಹಾಕಿದ ಸೀರೆಯ ಸೆರಗು ಕೂಡ ಅಲುಗುತ್ತಿರಲಿಲ್ಲ. ಮುಂದಿನ ಭಾನುವಾರವೂ ಹಾಗೆಯೇ ಆಯಿತು. ಸೋಮವಾರದಿಂದ ಶನಿವಾರದವರೆಗೆ ಸದ್ದಿಲ್ಲ. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನಾನು ಕಿವಿಗೊಟ್ಟು ಕೇಳುತ್ತಲೂ ಇರಲಿಲ್ಲ. ಪಕ್ಕದ ಮನೆಯಾಕೆ, "ಅಕ್ಕಾರ, ಅದನ್ನ ಮುರದು ಒಲೀಗೆ ಹಾಕ್ರಿ, ಮನ್ಯಾಗ ಇಟಗೋಬಾರ್ದು," ಎಂದಳು. ಮನೆಯೊಳಗೆ ಅದು ಎಂದೂ ಬಂದೇ ಇಲ್ಲವಲ್ಲ, ಆಕೆಗೆ ಏನೆಂದು ಹೇಳಲಿ? ಒಂದು ಭಾನುವಾರ ಧೈರ್ಯ ಮಾಡಿ ಅದನ್ನು ಇಳಿಸಿ ಹಿಡಿದೆ. ತೆಳ್ಳಗಿದ್ದರೂ ತುದಿ ಭಾರ. ಅರೆ ನಿಮಿಷದಲ್ಲಿ ಬೆರಳ ಗೆಣ್ಣುಗಳಲ್ಲಿ ಬೆಂಕಿ ಬಿದ್ದ ಹಾಗಾಯಿತು. "ಈ ಕೈಲೆ ಆಗೂದಿಲ್ಲರಿ," ಎಂದು ಗೋಡೆಗೆ ಹೇಳಿ ಮತ್ತೆ ಇಟ್ಟೆ. ಗೋಡೆಗೆ ಬಹುವಚನ ಹಚ್ಚಿ ಮಾತಾಡಿದೆನೆಂದು ಹೊಳೆದದ್ದು ಆಮೇಲೆ. ಅವರಿಗೆ ನಾನು ಒಂದು ಭಾನುವಾರದ ಮಾತು ಕೊಟ್ಟಿದ್ದೆ. ಆ ಸದ್ದು ಅದನ್ನೇ ಕೇಳುತ್ತಿದೆ ಎಂದು ನನಗೆ ಅನ್ನಿಸತೊಡಗಿತು. ಒಂದು ಸಲ, ಒಂದೇ ಸಲ, ಅವರು ಕುಳಿತ ಕಲ್ಲಿನ ಮೇಲೆ ಗಾಳ ಹಿಡಿದು ಕುಳಿತು ಬರಬೇಕು. ಅದಕ್ಕೆ ಈ ಕೈ ಹಿಡಿಯಬಲ್ಲ ಕೋಲೊಂದು ಬೇಕು.

ಮಳೆಗಾಲ ಮುಗಿದ ಮೇಲೆ ಬೆಳಗಾವಿ ಪೇಟೆಯಲ್ಲಿ ಹಗ್ಗ, ಬಲೆ, ತಾಡಪತ್ರಿ ಮಾರುವ ಅಂಗಡಿಗೆ ಹೋದೆ. ಅಂಗಡಿಯವರು, "ಮಮ್ಮಗಗೇನ್ರಿ?" ಎಂದರು. "ನನಗ," ಎಂದೆ. ಅವರು ನನ್ನ ಮುಖ ನೋಡಿದರು, ಆಮೇಲೆ ಕೈ ನೋಡಿದರು, ಆಮೇಲೆ ಏಣಿ ಹತ್ತಿದರು. ಒಂದರೊಳಗೊಂದು ಸೇರಿಕೊಳ್ಳುವ ಕೋಲು ತೋರಿಸಿದರು. ಅದರ ಗೆಣ್ಣುಗಳನ್ನು ಎಳೆದು ಬಿಡಿಸುವುದರಲ್ಲಿ ನನ್ನ ಗೆಣ್ಣುಗಳು ಸತ್ತುಹೋದವು. ರೀಲಿನ ಕೋಲು ಕೊಟ್ಟರು. ಅದರ ತಿರುಗಣಿ ಅಂಗಿಯ ಗುಂಡಿಯಷ್ಟಿತ್ತು, ಅಂಥ ಗುಂಡಿ ಹಾಕಿಕೊಳ್ಳಲಾಗದೆ ನಾನು ಎಷ್ಟೋ ರವಿಕೆಗಳನ್ನು ದಾನ ಕೊಟ್ಟವಳು. ಇನ್ನೊಂದು ಹಗುರವಿತ್ತು, ಆದರೆ ಹಿಡಿಕೆ ಪೆನ್ಸಿಲಿನಷ್ಟು ಸಣ್ಣ. ಸಣ್ಣದನ್ನು ಹಿಡಿಯಲು ಬೆರಳು ಪೂರ್ತಿ ಮಡಚಬೇಕು, ನನ್ನವು ಅರ್ಧ ಮಡಚಿ ಅಲ್ಲೇ ಹಟ ಹಿಡಿದು ನಿಲ್ಲುತ್ತವೆ. ದಪ್ಪ ಹಿಡಿಕೆಯದು ಸಿಕ್ಕಿತು, ಅದು ಮುಂದಕ್ಕೆ ತೂಗಿ ಮಣಿಕಟ್ಟನ್ನು ಜಗ್ಗುತ್ತಿತ್ತು. ಕೋಲು ಎಷ್ಟು ಭಾರ ಎನ್ನುವುದಕ್ಕಿಂತ ಭಾರ ಎಲ್ಲಿ ಕೂತಿದೆ ಎನ್ನುವುದು ಮುಖ್ಯ ಎಂದು ಅಂದು ಕಲಿತೆ. ಹಿಂಬದಿ ಮೊಳಕೈಯವರೆಗೆ ಬಂದು ತೋಳಿಗೆ ಆನಿಕೊಂಡರೆ ಬೆರಳುಗಳ ಕೆಲಸ ಅರ್ಧವಾಗುತ್ತದೆ ಎಂದೂ ಕಲಿತೆ. ಒಂಬತ್ತು ಕೋಲು ನೋಡಿದೆ. ವರ ನೋಡಲು ಬಂದಾಗಲೂ ನಾನು ಇಷ್ಟು ನೋಡಿರಲಿಲ್ಲ.

"ನಿಮ್ಮಂಗ ಒಬ್ರು ಇದನ್ನೆಲ್ಲಾ ಕೇಳಿದ್ರು ನೋಡ್ರಿ," ಎಂದರು ಅಂಗಡಿಯವರು. "ಭಾಳ ದಿನಾ ಆತು. ಕೋಲ ಆರಿಸಿ ತಗದ ಇಟ್ಟಾರ, ಒಯ್ದಿಲ್ಲ." ಒಳಗಿನಿಂದ ಉದ್ದದ, ರೀಲಿಲ್ಲದ, ಗರಿಯಂತೆ ಹಗುರವಾದ ಒಂದು ಕೋಲು ತಂದರು. ಅದರ ಹಿಡಿಕೆಯನ್ನು ಕಳಚಿಟ್ಟಿದ್ದರು, ಕುತ್ತಿಗೆಗೆ ಒಂದು ಚೀಟಿ ಕಟ್ಟಿತ್ತು. 'ಹಿಡಿ ಆದ ಮೇಲೆ ಒಯ್ಯುತ್ತೇನೆ.' ಅಕ್ಷರಗಳು ಸಣ್ಣ, ನೇರ, ನಕಾಶೆಯಲ್ಲಿ ಹೊಲದ ನಂಬರು ಬರೆದ ಹಾಗೆ. ನಮ್ಮ ಮನೆಯವರದೇ ಬರಹ. ಅಂಗಡಿಯವರಿಗೆ ಏನೂ ಗೊತ್ತಿರಲಿಲ್ಲ. "ನಿಮ್ಮವರೇನ್ರಿ? ಖಾನಾಪುರದ ನಾಮದೇವ ಬಡಿಗೇರನ ಕಡೆ ಹಿಡಿ ಮಾಡಸ್ತೀನಿ ಅಂದಿದ್ರು. ಇನ್ನೂ ಆಗಿಲ್ಲೇನು?" ಎಂದು ಕೇಳಿದರು. "ಕೇಳಿ ನೋಡತೀನ್ರಿ," ಎಂದೆ. ಮನೆಗೆ ಹೋಗಿ ಅವರನ್ನೇ ಕೇಳುವವಳ ಹಾಗೆ.

ಮರುದಿನ ಆ ಕೋಲನ್ನು ಬಸ್ಸಿನ ಕಿಟಕಿಯಿಂದ ಹೊರಗೆ ಚಾಚಿಕೊಂಡೇ ಖಾನಾಪುರಕ್ಕೆ ಹೋದೆ. ನಾಮದೇವನ ಮನೆ ಹೊಳೆಗೆ ಹೋಗುವ ದಾರಿಯಲ್ಲೇ ಇದೆ. "ಬರ್ರಿ ಮಾವಶಿ, ಕುಂದರ್ರಿ," ಎಂದವನು ನಾನು ಯಾರೆಂದು ಹೇಳಿದೊಡನೆ ಎದ್ದು ನಿಂತ. ಹಿಡಿಕೆ ಎಲ್ಲಿ ಎಂದು ಕೇಳುವ ಮೊದಲೇ ಹಿತ್ತಲ ಕಡೆ ನಡೆದ. ದನದ ಕೊಟ್ಟಿಗೆಯ ತೊಲೆಗೆ ಏನನ್ನೋ ಬಟ್ಟೆಯಲ್ಲಿ ಸುತ್ತಿ ತೂಗುಹಾಕಿದ್ದರು. ಅದರ ಕೆಳಗೆ ನಿಂಬೆಹಣ್ಣು ಮತ್ತು ಮೆಣಸಿನಕಾಯಿ.

"ಸಿಟ್ಟಾಗಬ್ಯಾಡ್ರಿ. ಸಾಹೇಬ್ರು ಮುಂಜಾನೆ ಕಣಕದ ಮುದ್ದಿ ಕೊಟ್ಟು, 'ಇದರಂಗನ ಹಗುರ ಕಟಗೀಲೆ ಮಾಡು, ಒಂದು ಕೂದಲೆಳಿ ಹೆಚ್ಚುಕಡಿಮಿ ಆಗಬಾರ್ದು' ಅಂತ ಹೇಳಿ ಹೊಳಿಗೆ ಹೋದ್ರು. ಚಹಾ ಕುಡ್ಯೂದ್ರಾಗ ಸುದ್ದಿ ಬಂತು. ಒಪ್ಪಿಕೊಂಡ ಕೆಲಸ ಬಿಡಾಕ ಬರೂದಿಲ್ಲ ಅಂತ ಮಾಡಿದೆ. ಮಾಡಿದ ಮ್ಯಾಲೆ ಎಣಿಸಿದೆ."

"ಏನ ಎಣಿಸಿದಿ?"

"ಬೆರಳಿನ ಕುಳಿ. ಆರ ಅದಾವ್ರಿ." ಅವನು ನನ್ನ ಸೆರಗಿನೊಳಗಿದ್ದ ಬಲಗೈಯ ಕಡೆ ಓರೆಗಣ್ಣಿನಿಂದ ನೋಡಿದ. "ಖರೇ ಹೇಳ್ರಿ ಮಾವಶಿ. ನಿಮಗ ಆರ ಬೆರಳೇನು?"

ಕೈ ಚಾಚಿ ತೋರಿಸಿದೆ. ಅಷ್ಟು ಸೊಟ್ಟ ಬೆರಳುಗಳನ್ನು ಎಣಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಐದೇ ಇದ್ದವು. ಬಾಗಿಲ ಹಿಂದಿನಿಂದ ಅವನ ಹೆಂಡತಿ, ನಾನು ಮೊದಲೇ ಹೇಳಿರಲಿಲ್ಲವೇ ಎಂದು ಮರಾಠಿಯಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡಳು. ಮುದ್ದೆ ಎಲ್ಲಿ ಎಂದು ಕೇಳಿದೆ. "ಮಳಿಗಾಲದಾಗ ನೀರ ಕುಡದು ಮೆತ್ತಗಾತ್ರಿ. ಮನ್ಯಾಗ ಇಟಗೊಳ್ಳಾಕ ಅಂಜಿಕಿ. ಇಕಿ ಅರಿಷಿಣ ಕುಂಕುಮ ಹಚ್ಚಿ ಹೊಳ್ಯಾಗ ಬಿಟ್ಟ ಬಂದ್ಲು," ಎಂದ. ನಾನು ಬದುಕಿರುವಾಗಲೇ ನನ್ನ ಕೈಯ ವಿಸರ್ಜನೆ ಇಷ್ಟು ಶಾಸ್ತ್ರೋಕ್ತವಾಗಿ ನಡೆದುಹೋಗಿತ್ತು. ಅದನ್ನೂ ಮೀನುಗಳೇ ತಿಂದಿರಬೇಕು. ಆ ಸಲ ಉಪ್ಪು ಹೆಚ್ಚಾಗಿತ್ತು.

ಬಟ್ಟೆ ಬಿಚ್ಚಿ ಹಿಡಿಕೆಯನ್ನು ಕೈಗೆ ತೆಗೆದುಕೊಂಡೆ. ಬೆರಳುಗಳು ಒಂದೊಂದೇ ತಮ್ಮ ತಮ್ಮ ಜಾಗ ಹುಡುಕಿಕೊಂಡು ಹೋಗಿ ಕೂತವು, ಕತ್ತಲಲ್ಲೂ ತಮ್ಮ ಹಾಸಿಗೆ ತಾವು ಗುರುತಿಸುವ ಮಕ್ಕಳ ಹಾಗೆ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಒಂದು ವಸ್ತು ನನ್ನ ಕೈಯಲ್ಲಿತ್ತು, ನೋವಿರಲಿಲ್ಲ. ಕಿರುಬೆರಳಿನ ಆಚೆ, ಹಿಡಿಕೆಯ ಕೊನೆಯಲ್ಲಿ, ಇನ್ನೊಂದು ಕುಳಿ. ಅಗಲವಾದದ್ದು, ನಡುವೆ ಕೂದಲಷ್ಟು ಸಣ್ಣ ಗೆರೆ ಎದ್ದಿತ್ತು. ನಾಮದೇವ ಕೂದಲೆಳೆಯಷ್ಟೂ ಬಿಡದೆ ಕೆತ್ತಿದ್ದ. ಎರಡು ಹೋಳಿನ ಉಗುರು. ಮೊಟ್ಟೆ ಎತ್ತಿದ ಹಾಗೆ ಎತ್ತಿಕೊಂಡಿದ್ದರಲ್ಲ, ಆಗ ಒತ್ತಿದ್ದು.

"ಅಂಜಬ್ಯಾಡಪಾ," ಎಂದೆ. "ಇದು ನಮ್ಮ ಮನಿಯವರ ಹೆಬ್ಬೆರಳು."

"ಅಂದ್ರ ಇನ್ನೂ ಕೆಟ್ಟ ಆತಲ್ಲರಿ!" ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ, "ಬೇಕಾದ್ರ ಮೇಣ ತುಂಬಿ ಸಪಾಟ ಮಾಡಿಕೊಡತೀನ್ರಿ, ಗುರುತ ಸೈತ ಉಳ್ಯೂದಿಲ್ಲ," ಎಂದ. ಬೇಡ ಎಂದೆ. ಹಿಡಿಕೆಯನ್ನು ಕೋಲಿಗೆ ಕೂಡಿಸಿಕೊಟ್ಟ.

ಭಾನುವಾರ ಆ ಕಲ್ಲಿನ ಮೇಲೆ ಕುಳಿತೆ. ಧೋಂಡಿಬಾ ಗಾಳಕ್ಕೆ ಕಣಕ ಸಿಕ್ಕಿಸಿಕೊಟ್ಟು ಎಮ್ಮೆಗಳನ್ನು ಅಟ್ಟಿಕೊಂಡು ಆಚೆ ದಂಡೆಗೆ ಹೋದ. ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಬೆಂಡು ನೆಟ್ಟಗೆ ನಿಂತಿತ್ತು, ಯಾರ ಮಾತನ್ನೋ ಆಲಿಸುವಂತೆ. ನೋಡುತ್ತ ನೋಡುತ್ತ ಹೊತ್ತು ಹೋದದ್ದು ತಿಳಿಯಲಿಲ್ಲ. ಮೂವತ್ತು ವರ್ಷ ಅಲ್ಲಿ ಕುಳಿತು ಅವರು ಏನು ನೋಡುತ್ತಿದ್ದರು ಎಂದು ಕೇಳುತ್ತಿದ್ದೆ. ಬೆಂಡನ್ನೇ ನೋಡುತ್ತಿದ್ದರು. ಅದರಾಚೆ ಏನೂ ಇಲ್ಲ. ಬೆಂಡು ಒಮ್ಮೆ ನಡುಗಿತು, ಮುಳುಗಿತು, ಎದ್ದಿತು, ಮತ್ತೆ ಮುಳುಗಿತು.

"ಬಾಯಾರ, ಎಳೀರಿ!" ಎಂದು ಆಚೆಯಿಂದ ಧೋಂಡಿಬಾ ಕೂಗಿದ. ಎಳೆಯಬೇಕು ಎಂದು ಗೊತ್ತು, ಕೈ ಏಳಲಿಲ್ಲ. "ಬಾಯಾರ?" ಈಗ ಅವನ ದನಿ ಬೇರೆಯಾಗಿತ್ತು. "ಬಾಯಾರ!" ಎಂದು ಮೊಳಕಾಲು ನೀರಿನಲ್ಲಿ ದಬದಬ ಓಡಿ ಬರತೊಡಗಿದಾಗ ಅವನ ಹೆದರಿಕೆ ಏನೆಂದು ನನಗೆ ಅರ್ಥವಾಯಿತು. ಎಡಗೈ ಎತ್ತಿ ಬೀಸಿ, ಇದ್ದಷ್ಟು ಗಂಟಲಿನಿಂದ, "ಐತಪಾ, ಜೀವ ಐತಿ!" ಎಂದು ಕೂಗಿದೆ. ಅವನು ನಡುಹೊಳೆಯಲ್ಲೇ ನಿಂತು ಬೈದ. ಏನು ಬೈದನೆಂದು ಇಲ್ಲಿ ಬರೆಯುವುದಿಲ್ಲ. ಕೋಲು ಎತ್ತಿದೆ. ಕಣಕ ಹೋಗಿತ್ತು, ಗಾಳ ಖಾಲಿ.

ಒಂದೇ ಸಲ ಎಂದು ಹೋದವಳು ಈಗ ಭಾನುವಾರ ತಪ್ಪಿಸುವುದಿಲ್ಲ. ಒಂದು ಮೀನೂ ಬಿದ್ದಿಲ್ಲ. ಹೊಸ ಕೋಲು ಬಚ್ಚಲ ಗೋಡೆಗೆ, ಹಳೆಯದರ ಪಕ್ಕದಲ್ಲೇ ಇದೆ. ಅತ್ತೆಯವರ ತೀರ್ಪನ್ನು ಮೀರುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಬೆಳಿಗ್ಗೆ ತಗಡಿನ ಸದ್ದು ಕೇಳುತ್ತದೆಯೇ ಎಂದು ಪಕ್ಕದ ಮನೆಯಾಕೆ ವಿಚಾರಿಸುತ್ತಾಳೆ. ಆ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ, ನನಗೆ ಹೇಗೆ ಗೊತ್ತಾಗಬೇಕು? ಹಿಡಿಕೆ ಮಾತ್ರ ಅವರು ಅಳೆದಂತೆಯೇ ಇದೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಎರಡು ತಾಸು ಹಿಡಿದರೂ ಕೈ ನೋಯುವುದಿಲ್ಲ. ಐದು ಕುಳಿಗಳಲ್ಲಿ ಐದು ಬೆರಳು ಕೂರುತ್ತವೆ. ಆರನೆಯದು ಖಾಲಿ ಇದೆ.